ರೈಗಳ ಕಾರೂ ನನ್ನ ಎಣ್ಣೆಕಡ್ಡಿಯೂ

ನನಗೆ ರೈಗಳ ಮೇಲೆ ಹೊಟ್ಟೆಕಿಚ್ಚಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ; ನಡುವೆ ಎಲ್ಲೋ ನೀವಾಗಿಯೇ ಕಂಡುಹಿಡಿದರೆ ನನ್ನ ಮರ್ಯಾದೆ ಉಳಿಯುವುದಿಲ್ಲ. ಅವರ ಸಂಬಳದ ಮೇಲಲ್ಲ; ಅದೆಷ್ಟೆಂದು ನನಗೆ ಗೊತ್ತಿರಲಿಲ್ಲ, ಗೊತ್ತಿದ್ದರೆ ಅದರ ಮೇಲೂ ಇರುತ್ತಿತ್ತು. ಅವರ ದಟ್ಟವಾದ ತಲೆಗೂದಲಿನ ಮೇಲೆ ಸ್ವಲ್ಪ ಇತ್ತು. ಉಳಿದದ್ದೆಲ್ಲ ಅವರ ಕಾರಿನ ಮೇಲೆ.

ತೊಂಬತ್ತರ ದಶಕದ ಮಾತು. ದೋಹಾದ ಅಲ್ ಮುಂತಜಾದಲ್ಲಿ, ಒಂದು ಹಳೆಯ ಕಟ್ಟಡದ ಒಂದೇ ಮಹಡಿಯಲ್ಲಿ ನಮ್ಮಿಬ್ಬರ ಮನೆ. ನಾನು ಮೈಸೂರಿನವನು, ಇನ್ಶೂರೆನ್ಸ್ ಆಫೀಸಿನಲ್ಲಿದ್ದೆ. ರೈಗಳು ಪುತ್ತೂರಿನ ಕಡೆಯವರು, ಟ್ರೇಡಿಂಗ್ ಕಂಪನಿಯೊಂದರಲ್ಲಿದ್ದರು. ಇಬ್ಬರದೂ ಒಂದೇ ಮಾದರಿಯ ಬಿಳಿ ಜಪಾನಿ ಕಾರು, ಅವರದು ನನ್ನದಕ್ಕಿಂತ ಹಳೆಯದು. ಹೊಟ್ಟೆಕಿಚ್ಚಿಗೆ ಇದಕ್ಕಿಂತ ಫಲವತ್ತಾದ ಭೂಮಿ ಬೇರೆ ಇಲ್ಲ. ಅರಬ್ ಶೇಖ್‌ಗಳ ದೊಡ್ಡ ಗಾಡಿ ಪಕ್ಕದಲ್ಲಿ ಹಾದುಹೋದರೆ ನಾವು ಬಾಯಿ ತೆರೆದು ನೋಡುತ್ತೇವೆ, ಅಷ್ಟೇ. ನಮ್ಮದೇ ಕಾರು ಪಕ್ಕದ ಮನೆಯವನ ಕೈಯಲ್ಲಿ ನಮಗಿಂತ ಚೆನ್ನಾಗಿ ಓಡಿದರೆ ಮಾತ್ರ ನಿದ್ದೆ ಬರುವುದಿಲ್ಲ.

ಹಿಂದಿನ ವರ್ಷ ಎರಡೂ ಸಂಸಾರ ದುಖಾನ್ ಕಡಲತೀರಕ್ಕೆ ಪಿಕ್ನಿಕ್ ಹೊರಟಿದ್ದೆವು. ಅರ್ಧ ದಾರಿಯಲ್ಲಿ ನನ್ನ ಕಾರು ಕುದಿದು ನಿಂತಿತು. ನನ್ನ ಹೆಂಡತಿ ಸರೋಜ, ಮಗಳು, ಚಿತ್ರಾನ್ನದ ಡಬ್ಬಿ, ಮೂರೂ ರೈಗಳ ಕಾರಿಗೆ ವರ್ಗವಾದವು. ನಾನು ಮರುಭೂಮಿಯಲ್ಲಿ ಬಾನೆಟ್ ತೆರೆದುಕೊಂಡು ನಿಂತೆ. ಅಂದಿನಿಂದ ಮಗಳು, "ಅಪ್ಪಾ, ರೈ ಅಂಕಲ್ ಕಾರ್ ನೆವರ್ ಸ್ಟಾಪ್ಸ್, ಅಲ್ವಾ?" ಎಂದು ಯಾರೆದುರಿಗಾದರೂ ಕೇಳಿಬಿಡುತ್ತಿದ್ದಳು. ಈ ವರ್ಷ ಮತ್ತೆ ಶುಕ್ರವಾರದ ಪಿಕ್ನಿಕ್ ಗೊತ್ತಾಯಿತು. ಸರೋಜ ಯಾರ ಕಾರಿನಲ್ಲಿ ಕೂರುತ್ತಾಳೆ ಎಂಬುದನ್ನು ಬಿಟ್ಟು ಆ ವಾರ ನಾನು ಬೇರೇನನ್ನೂ ಯೋಚಿಸಲಿಲ್ಲ. ಅದಕ್ಕೇ ಕಾರನ್ನು ಸನಾಯಾದ, ಅಂದರೆ ಇಂಡಸ್ಟ್ರಿಯಲ್ ಏರಿಯಾದ, ಗ್ಯಾರೇಜಿಗೆ ಒಯ್ದು ಆಯಿಲ್, ಫಿಲ್ಟರ್ ಎಲ್ಲ ಬದಲಾಯಿಸಿಕೊಂಡು ಬಂದೆ.

ಇಲ್ಲಿ ಒಂದು ಜಾಗದ ವಿಷಯ ಹೇಳಬೇಕು. ಆಗ ನಮ್ಮಂಥವರ ಆಫೀಸು ಬೆಳಿಗ್ಗೆ ಒಂದು ಪಾಳಿ, ಸಂಜೆ ಒಂದು ಪಾಳಿ. ನಡುವೆ ಮನೆಗೆ ಬಂದು ಊಟ, ನಿದ್ದೆ. ಆ ಹೊತ್ತಿನಲ್ಲಿ ಬಿಸಿಲಿಗೆ ನಿಂತ ಕಾರಿನ ಸ್ಟೀರಿಂಗನ್ನು ಟವೆಲ್ ಇಲ್ಲದೆ ಮುಟ್ಟುವಂತಿರಲಿಲ್ಲ. ನಮ್ಮ ಕಟ್ಟಡದ ಬಳಿ ಮಧ್ಯಾಹ್ನ ನೆರಳಿದ್ದದ್ದು ಒಂದೇ ಒಂದು ಕಾರಿಗೆ, ಗೋಡೆಯ ಬುಡದಲ್ಲಿ. ಯಾರೋ ಕಂಟ್ರಾಕ್ಟರ್ ಬಿಟ್ಟುಹೋದ ಕಲ್ಲುಮಣ್ಣಿನ ದಿಬ್ಬ ಅಲ್ಲಿ ಗಟ್ಟಿಯಾಗಿ ಕೂತಿತ್ತು. ಮುಂದಿನ ಚಕ್ರಗಳನ್ನು ಅದರ ಮೇಲೆ ಹತ್ತಿಸಿದರೆ ಮಾತ್ರ ಕಾರು ಪೂರ್ತಿ ನೆರಳಿಗೆ ಬರುತ್ತಿತ್ತು. ರೈಗಳಿಗಿಂತ ಮೊದಲು ಆ ಜಾಗ ಹಿಡಿಯಲೆಂದೇ ನಾನು ಆಫೀಸಿನಲ್ಲಿ ಗಡಿಯಾರ ನೋಡುತ್ತಾ ಕೂತಿರುತ್ತಿದ್ದೆ. ಬಿಸಿಲಿನ ಜಾಗಕ್ಕೆ ಅವರು ಕಾರು ತಿರುಗಿಸುವುದನ್ನು ಕಿಟಕಿಯಿಂದ ನೋಡಿ ಅನ್ನಕ್ಕೆ ಇನ್ನೊಂದು ಸೌಟು ಹುಳಿ ಹಾಕಿಸಿಕೊಳ್ಳುತ್ತಿದ್ದೆ.

ಸರ್ವೀಸ್ ಆದ ಮಾರನೆಯ ಮಧ್ಯಾಹ್ನ ನಿದ್ದೆ ಮುಗಿಸಿ, ಹೊಸ ಎಣ್ಣೆಯ ಬಣ್ಣ ನೋಡುವ ಆಸೆಯಿಂದ ಬಾನೆಟ್ ತೆರೆದು ಅಳತೆಯ ಕಡ್ಡಿ ಎಳೆದೆ. ಜೇನಿನ ಬಣ್ಣದ ಎಣ್ಣೆ ಕೆಳಗಿನ ಗುರುತನ್ನೂ ಮುಟ್ಟಿರಲಿಲ್ಲ. ಒರೆಸಿ ಮತ್ತೆ ಅದ್ದಿದೆ. ಅಷ್ಟೇ. ಶುಕ್ರವಾರ ಮತ್ತೆ ಚಿತ್ರಾನ್ನದ ಡಬ್ಬಿ ವರ್ಗವಾಗುವ ದೃಶ್ಯ ಕಣ್ಣ ಮುಂದೆ ಬಂತು.

ಮಾರನೆಯ ಬೆಳಿಗ್ಗೆಯೇ ಗ್ಯಾರೇಜಿಗೆ ಓಡಿದೆ. ಮೆಕ್ಯಾನಿಕ್ ವರ್ಗೀಸ್ ಕಡ್ಡಿ ಎಳೆದು ನನ್ನ ಮೂಗಿನ ಮುಂದೆ ಹಿಡಿದ. "ಫುಲ್ ಹೈ ಸಾರ್, ದೇಖೋ. ಮಾಫಿ ಮುಷ್ಕಿಲ್!" ಏನೂ ತೊಂದರೆ ಇಲ್ಲವೆಂದು ಅರಬಿಯಲ್ಲೂ ಹೇಳಿಬಿಟ್ಟ. ನಿಜ, ತುಂಬಿತ್ತು. ನಾಚಿಕೊಂಡು ಮನೆಗೆ ಬಂದೆ, ನೆರಳಿನ ಜಾಗ ಸಿಕ್ಕಿತು, ಸಂಜೆ ಕಡ್ಡಿ ಎಳೆದರೆ ಮತ್ತೆ ಕಡಿಮೆ! ಸನಾಯಾದಿಂದ ಮುಂತಜಾದವರೆಗೆ ರಸ್ತೆಗೆಲ್ಲ ಎಣ್ಣೆ ಸುರಿಸಿಕೊಂಡು ಬಂದೆನೆ? ರಾತ್ರಿ ಎಂಜಿನ್ನಿನ ಕೆಳಗೆ ಮಂಗಳೂರಿನಿಂದ ತರಿಸಿದ ವಾರಪತ್ರಿಕೆಯ ಹಾಳೆ ಬಿಡಿಸಿಟ್ಟೆ. ಬೆಳಿಗ್ಗೆ ಅದರ ಮೇಲೆ ಬೆಕ್ಕಿನ ಹೆಜ್ಜೆಗಳು ಇದ್ದವೇ ಹೊರತು ಒಂದು ಹನಿ ಎಣ್ಣೆ ಇರಲಿಲ್ಲ. ಎಣ್ಣೆ ಸೋರುತ್ತಿಲ್ಲ, ಹೊಗೆಯಾಗಿ ಹೋಗುತ್ತಿಲ್ಲ, ಆದರೂ ಇಲ್ಲ. ವೇದಾಂತದಲ್ಲಿ ಇಂಥದಕ್ಕೆ ಏನೋ ಹೆಸರಿದೆ, ಮೆಕ್ಯಾನಿಕ್ಕನ ಶಾಸ್ತ್ರದಲ್ಲಿ ಇಲ್ಲ.

ನಾನು ದಿನವೂ ಬಾನೆಟ್ಟಿಗೆ ತಲೆ ಕೊಡುವುದನ್ನು ಕಂಡು ರೈಗಳು ಬಂದರು. "ಎಂತ ಮಾರಾಯ್ರೆ, ಆಯಿಲ್ ಕಮ್ಮಿಯಾ? ನನ್ನ ಹತ್ರ ಒಂದು ಡಬ್ಬ ಉಂಟು, ಹಾಕಿಬಿಡಿ. ಅದಕ್ಕೆಂತ!" ಎಂದರು. ಅವರ ಎಣ್ಣೆಯಿಂದ ನನ್ನ ಕಾರು ಓಡುವುದೆ? ಅದಕ್ಕಿಂತ ಒಂಟೆಯ ಮೇಲೆ ದುಖಾನಿಗೆ ಹೋದೇನು. "ಬೇಡ ಬೇಡ, ಹೊಸ ಎಣ್ಣೆ ಹೊಂದಿಕೊಳ್ಳೋಕೆ ಸ್ವಲ್ಪ ದಿನ ಬೇಕಾಗುತ್ತೆ" ಎಂದುಬಿಟ್ಟೆ. ಎಣ್ಣೆ ಹೊಂದಿಕೊಳ್ಳುವುದೆಂದರೇನು ಎಂದು ಅವರೂ ಕೇಳಲಿಲ್ಲ, ಪುಣ್ಯ.

ಹಿರಿಯರು ಅರಿಷಡ್ವರ್ಗಗಳನ್ನು ಸಾಲಾಗಿ ನಿಲ್ಲಿಸಿ ಮಾತ್ಸರ್ಯವನ್ನು ಕಟ್ಟಕಡೆಗೆ ಇಟ್ಟದ್ದು ಯಾಕೆಂದು ಆ ವಾರ ನನಗೆ ಹೊಳೆಯಿತು. ಮೊದಲಿನ ಐದರಲ್ಲಿ ಅನುಭವಿಸುವವನಿಗೆ ಅಷ್ಟೋ ಇಷ್ಟೋ ಸುಖವಿದೆ. ಕೋಪ ಮಾಡಿಕೊಂಡರೂ ಒಂದು ಕ್ಷಣ ಹಾಯೆನಿಸುತ್ತದೆ. ಮತ್ಸರದಲ್ಲಿ ಅದೂ ಇಲ್ಲ. ಹೊಟ್ಟೆಯೊಳಗೆ ಕಿಚ್ಚು ಹೊತ್ತಿದರೆ ಕಾರಾದರೂ ಮುಂದೆ ಹೋಗುತ್ತದೆ, ಮನುಷ್ಯ ಇದ್ದಲ್ಲೇ ನಿಲ್ಲುತ್ತಾನೆ.

ಗುರುವಾರ ಆಫೀಸಿನಲ್ಲಿ ಮ್ಯಾನೇಜರ್ ಹಿಡಿದು ಕೂರಿಸಿಕೊಂಡ. ಮನೆಗೆ ಬರುವಷ್ಟರಲ್ಲಿ ರೈಗಳ ಕಾರು ಗೋಡೆಯ ಬುಡದಲ್ಲಿ ಮೂತಿ ಎತ್ತಿಕೊಂಡು ತಣ್ಣಗೆ ನಿಂತಿತ್ತು. ಹಲ್ಲು ಕಚ್ಚಿಕೊಂಡು ನನ್ನ ಕಾರನ್ನು ಅವರ ಬಿಸಿಲಿನ ಜಾಗದಲ್ಲಿ ನಿಲ್ಲಿಸಿದೆ. ನಿದ್ದೆ ಹತ್ತಲಿಲ್ಲ. ಚಹಾ ಕುಡಿದು ಕೆಳಗಿಳಿದು ಕಡ್ಡಿ ಎಳೆದೆ. ತುಂಬಿತ್ತು! ಮೇಲಿನ ಗುರುತಿಗೆ ಸರಿಯಾಗಿ ನಿಂತಿತ್ತು.

ನಾನು ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡುತ್ತಿರುವಾಗಲೇ ರೈಗಳೂ ಬಂದರು. ನಾಳೆ ದೂರದ ದಾರಿಯಲ್ಲವೇ, ಅವರೂ ತಮ್ಮ ಬಾನೆಟ್ ತೆರೆದು ಕಡ್ಡಿ ಎಳೆದರು. ಒರೆಸಿ ಮತ್ತೆ ಅದ್ದಿ ಎಳೆದರು.

"ಇದೆಂತ ಮಾರಾಯ್ರೆ, ಆಯಿಲೇ ಇಲ್ಲ! ಹೋದ ವಾರ ನೋಡುವಾಗ ಫುಲ್ ಇತ್ತು!"

ನನಗಾದ ಆನಂದವನ್ನು ಹೇಗೆ ಹೇಳಲಿ! ಮದುವೆಯ ದಿನ ಕೂಡ ಅಷ್ಟು ಸಂತೋಷವಾಗಿರಲಿಲ್ಲ. ಅವತ್ತು ಹೋಮದ ಹೊಗೆ ಜಾಸ್ತಿ ಇತ್ತು. ರೈಗಳು ದಿಗಿಲಿನಿಂದ, "ನಾಳೆ ನಾವೆಲ್ಲ ನಿಮ್ಮ ಕಾರಲ್ಲೇ ಬರಬೇಕಾದೀತು" ಎಂದರು. ಅಮೃತ! ಮೇಲೆ ನೋಡಿದೆ, ಸರೋಜ ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತಿದ್ದಳು, ಕೇಳಿಸಿರಬೇಕು. ಅಷ್ಟರಲ್ಲಿ ರೈಗಳು ಹಿಂದಿನ ಡಿಕ್ಕಿಯಿಂದ ಆ ಎಣ್ಣೆಯ ಡಬ್ಬ ತಂದು ಮುಚ್ಚಳ ತಿರುಗಿಸತೊಡಗಿದರು. ಮೂತಿ ಎತ್ತಿ ನಿಂತಿದ್ದ ಅವರ ಕಾರನ್ನೂ ಸಮನೆಲದಲ್ಲಿದ್ದ ನನ್ನ ಕಾರನ್ನೂ ಒಮ್ಮೆ ನೋಡಿದೆ. ಆಗ ಹೊಳೆಯಿತು. ದಿಬ್ಬ ಹತ್ತಿದ ಕಾರಿನಲ್ಲಿ ಎಣ್ಣೆಯೆಲ್ಲ ಹಿಂದಕ್ಕೆ ಸರಿದು ಕಡ್ಡಿಗೆ ಸಿಗದೆ ಹೋಗುತ್ತಿತ್ತು. ನನ್ನ ಎಣ್ಣೆಯನ್ನು ವಾರವಿಡೀ ಕದ್ದವನು ಬೇರೆ ಯಾರೂ ಅಲ್ಲ, ಗಡಿಯಾರ ನೋಡಿ ಓಡಿಬಂದು ಆ ಜಾಗ ಹಿಡಿಯುತ್ತಿದ್ದ ನಾನೇ.

ಸುಮ್ಮನಿರಬಹುದಿತ್ತು. ಶುಕ್ರವಾರ ಮುಗಿಯುವವರೆಗೆ ಸುಮ್ಮನಿದ್ದರೆ ಸಾಕಿತ್ತು. ತುಂಬಿದ ಎಂಜಿನ್ನಿಗೆ ಮತ್ತೆ ಸುರಿದರೆ ಕಾರು ಹೊಗೆಯುಗುಳುತ್ತದೆ, ಹಾಳಾಗಲೂಬಹುದು. ರೈಗಳ ಕಾರು ಹೊಗೆಯುಗುಳುವ ಸೊಬಗನ್ನು ಒಂದು ಗಳಿಗೆ ಮನಸಾರೆ ಕಲ್ಪಿಸಿಕೊಂಡೆ. ಆಮೇಲೆ, "ರೈಗಳೇ, ಸುರೀಬೇಡಿ! ಮೊದಲು ಗಾಡಿ ಕೆಳಗಿಳಿಸಿ" ಎಂದೆ. ಇಳಿಸಿದರು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ತುಂಬಿತ್ತು. ರೈಗಳು ನಕ್ಕರು. "ಈ ನೆರಳಿಗಾಗಿ ಇವತ್ತು ನಾನು ಕೆಲಸ ಅರ್ಧಕ್ಕೆ ಬಿಟ್ಟು ಆಫೀಸಿಂದ ಓಡಿ ಬಂದದ್ದು ಮಾರಾಯ್ರೆ. ನಿಮ್ಮ ಸೀಟು ತಣ್ಣಗೆ, ನಮ್ಮದು ದೋಸೆಕಲ್ಲು ಅಂತ ಮನೆಯಲ್ಲಿ ದಿನಾ ಬೈಗುಳ."

ಅಂದರೆ ಅವರಿಗೂ ಇತ್ತು! ಇಷ್ಟು ವರ್ಷ ನಾನೊಬ್ಬನೇ ಉರಿಯುತ್ತಿದ್ದೇನೆಂದು ತಿಳಿದಿದ್ದೆ. ಅವರೂ ನನ್ನ ಮೇಲೆ ಹೊಟ್ಟೆಕಿಚ್ಚುಪಟ್ಟರೆಂದು ತಿಳಿದಾಗ ಅವರ ಮೇಲೆ ಪ್ರೀತಿ ಉಕ್ಕಿಬಂತು.

ಮೇಲೆ ಹೋಗಿ ಸರೋಜಳಿಗೆ ನಡೆದದ್ದನ್ನೆಲ್ಲ ಹೇಳಿ, "ನಮ್ಮ ಕಾರಿಗೆ ಏನೂ ಆಗಿಲ್ಲ, ನಾಳೆ ಧೈರ್ಯವಾಗಿ ಕೂತ್ಕೋ" ಎಂದೆ. ಅವಳು ಬಟ್ಟೆ ಮಡಿಸುತ್ತಲೇ ಹೇಳಿದಳು: "ಕಾರಿನ ಮೇಲೆ ನಂಗೆ ಯಾವತ್ತು ಅನುಮಾನ ಇತ್ತು? ಹೋದ ವರ್ಷ ರೈಗಳ ಕಾರನ್ನ ಹಿಂದೆ ಹಾಕ್ಬೇಕು ಅಂತ ಓಡಿಸಿ ಓಡಿಸಿ ಕುದಿಸಿದ್ದು ನೀವು. ನಾಳೆ ಅವ್ರನ್ನ ಮುಂದೆ ಬಿಡ್ತೀನಿ ಅಂದ್ರೆ ಕೂತ್ಕೋತೀನಿ."

ಬಿಟ್ಟೆ. ಹೋಗುವಾಗಲೂ ಬಿಟ್ಟೆ, ಬರುವಾಗಲೂ ಬಿಟ್ಟೆ. ದುಖಾನ್ ರಸ್ತೆಯುದ್ದಕ್ಕೂ ರೈಗಳ ಕಾರಿನ ಬೆನ್ನು ನೋಡುತ್ತಾ ಓಡಿಸಿದೆ. ಸರೋಜ ಪಕ್ಕದಲ್ಲಿ ಕೂತು ಕಡಲೆಕಾಯಿ ಬಿಡಿಸಿ ಕೊಟ್ಟಳು, ಕಾರು ಎಲ್ಲೂ ಕುದಿಯಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ನಾವಿಬ್ಬರೂ ಒಟ್ಟಿಗೇ ಬಂದೆವು. ನೆರಳಿನ ಜಾಗ ಖಾಲಿ ಇತ್ತು. "ನೀವು ಹಾಕಿ" ಎಂದೆ ನಾನು. "ಛೆ, ನೀವೇ ಹಾಕಿ ಮಾರಾಯ್ರೆ" ಎಂದರು ಅವರು. ಈ ಉಪಚಾರ ಮುಗಿಯುವ ಮೊದಲೇ ಮೇಲಿನ ಮಹಡಿಯ ಈಜಿಪ್ಟಿನವನು ಎಲ್ಲಿಂದಲೋ ಬಂದು, "ಯಲ್ಲಾ ಯಲ್ಲಾ" ಎಂದು ನಮ್ಮಿಬ್ಬರನ್ನೂ ಬದಿಗೆ ಸರಿಸಿ, ತನ್ನ ಹೊಚ್ಚಹೊಸ ಕಾರನ್ನು ದಿಬ್ಬಕ್ಕೆ ಹತ್ತಿಸಿ, ಕೀ ತಿರುಗಿಸುತ್ತಾ ಹೊರಟುಹೋದ. ನಾವು ಬಿಸಿಲಿನಲ್ಲಿ ಪಕ್ಕಪಕ್ಕ ನಿಂತು, ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಒಂದೇ ಕಡೆಗೆ ಕಣ್ಣು ಕೆಂಪು ಮಾಡಿಕೊಂಡು ನೋಡಿದೆವು.

"ಸಂಜೆ ಅವನೂ ಒಮ್ಮೆ ಆಯಿಲ್ ನೋಡ್ಲಿ" ಎಂದರು ರೈಗಳು.