ಸೊಂಟದ ಬಾಕು ಮತ್ತು ದಿಕ್ಸೂಚಿಯ ಮುಳ್ಳು

ಮೊನ್ನೆ ಮಧ್ಯಾಹ್ನ ರವಿಕೆಗೆ ಹುಕ್ಕು ಹೊಲಿಯುತ್ತ ಕೂತಿದ್ದ ನನ್ನ ಹೆಂಡತಿ ಸೂಜಿ ಬೀಳಿಸಿಕೊಂಡಳು. ಫ್ರಿಜ್ಜಿನ ಬಾಗಿಲಿಗೆ ಮೊಮ್ಮಗಳು ಅಂಟಿಸಿದ್ದ ಆಯಸ್ಕಾಂತವನ್ನು ಕಿತ್ತು ತಂದು ನೆಲದ ಮೇಲೆ ಆಡಿಸಿದೆ. ಸೂಜಿ ಟಕ್ಕನೆ ಬಂದು ಹಿಡಿದುಕೊಂಡಿತು. “ಮೇಷ್ಟ್ರ ಬುದ್ದಿ ಇನ್ನೂ ಓಗಿಲ್ಲ” ಎಂದಳು. ನನಗೆ ಅಷ್ಟೇ ಸಾಕಾಯಿತು. ಹಳೆಯ ಕಥೆ ತೆಗೆಯಲು ಮುದುಕರಿಗೆ ಒಂದು ನೆಪ ಬೇಕು; ಈಗ ನೀವೂ ಸಿಕ್ಕಿದ್ದೀರಿ, ಕೂತುಕೊಳ್ಳಿ.

ಐವತ್ತರ ದಶಕದ ಮಾತು. ಗಾವಡಗೆರೆ ಕಡೆಯ ಒಂದು ಮಿಡ್ಲ್ ಸ್ಕೂಲಿನಲ್ಲಿ ನಾನು ಹಂಗಾಮಿ ಮೇಷ್ಟ್ರು. ವಿಜ್ಞಾನ, ಲೆಕ್ಕ, ಡ್ರಿಲ್ ಮೇಷ್ಟ್ರು ಬಾರದ ದಿನ ಡ್ರಿಲ್ಲು, ಎಲ್ಲವೂ ನನ್ನದೇ. ಪ್ರಯೋಗಶಾಲೆ ಎಂದರೆ ಒಂದು ತಗಡಿನ ಟ್ರಂಕು. ಅದರಲ್ಲಿ ಒಂದು ಆಯಸ್ಕಾಂತ, ಒಂದು ದಿಕ್ಸೂಚಿ, ಒಂದಿಷ್ಟು ತಾಮ್ರದ ತಂತಿ, ಟಾರ್ಚಿನ ಸೆಲ್ಲುಗಳು. ದಿಕ್ಸೂಚಿ ಮಾತ್ರ ಟ್ರಂಕಿನಲ್ಲಿ ಇದ್ದದ್ದು ಕಡಿಮೆ, ನನ್ನ ಜೇಬಿನಲ್ಲಿ ಇದ್ದದ್ದೇ ಹೆಚ್ಚು. ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು, ಯಾರೂ ಕೇಳದಿದ್ದರೂ, ಉತ್ತರ ಇತ್ತ ಕಡೆ ಎಂದು ತೋರಿಸುತ್ತಿದ್ದೆ. ಒಮ್ಮೆ ಒಬ್ಬ ರೈತ, “ಬಡಗ್ಲು ಎತ್ಲಾಗೆ ಅಂತ ನಮ್ಗೊತ್ತು ಬುಡಿ ಮೇಷ್ಟ್ರೇ, ಬಸ್ಸು ಯಾವಾಗ ಬತ್ತದೆ ಅದ್ನ ಏಳಿ” ಎಂದ. ಆಮೇಲೂ ನಾನು ಚಟ ಬಿಡಲಿಲ್ಲ.

ರಾವಂದೂರು ಕಡೆಯ ಹೆಣ್ಣು ಗೊತ್ತಾಯಿತು. ಮಾವನಾಗುವವರು ಮುಚ್ಚುಮರೆಯಿಲ್ಲದ ಮನುಷ್ಯ. “ಒಲ ಎಲ್ರಿಗೂ ಅದೆ ಕಣಪ್ಪ. ನಿನ್ ಕೆಲ್ಸ ಕಾಯಂ ಆಯ್ತದೆ ಅಂತ ಎಣ್ಣು ಕೊಡ್ತಿರಾದು” ಎಂದೇ ವೀಳ್ಯ ಕೊಟ್ಟರು. ಕಾಯಂ ಆಗಬೇಕಾದರೆ ಇನ್‌ಸ್ಪೆಕ್ಟರು ಬಂದು ನನ್ನ ಪಾಠ ನೋಡಿ ಒಳ್ಳೆಯ ಮಾತು ಬರೆಯಬೇಕು. ಅವರು ಬರುವುದಾಗಿ ಕಾಗದ ಹಾಕಿದ್ದು ಯಾವ ದಿನಕ್ಕೆ ಎನ್ನುತ್ತೀರಿ? ನನಗೆ ಅರಿಸಿನ ಹಚ್ಚಿದ ಮಾರನೆಯ ದಿನಕ್ಕೆ. ಮದುವೆಗೆ ಇನ್ನೆರಡೇ ದಿನ.

ನಮ್ಮ ಕಡೆ ಅರಿಸಿನ ಹಚ್ಚಿದ ಮದುವಣಿಗ ಊರ ಗಡಿ ದಾಟುವಂತಿಲ್ಲ. ಗಾಳಿ ಸೋಕುತ್ತದೆ ಎಂದು ಮೈಮೇಲೆ ಕಬ್ಬಿಣ ಇಲ್ಲದೆ ಹಿತ್ತಲಿಗೂ ಹೋಗುವಂತಿಲ್ಲ. ತಾಯಿಯಿಲ್ಲದ ನನ್ನನ್ನು ಸಾಕಿದ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. ನಾನು ಕೈಮುಗಿದೆ, ರೇಗಿದೆ, ಕೊನೆಗೆ ಕೆಲಸ ಹೋದರೆ ಹೆಣ್ಣೂ ಹೋಗುತ್ತದೆ ಎಂದೆ. ಆಗ ಮಣಿದಳು. ಗೇಣುದ್ದದ ಕಬ್ಬಿಣದ ಬಾಕು ತಂದು, ಅಂಗಿಯ ಒಳಗೆ ಸೊಂಟಕ್ಕೆ ಬಿಗಿದು, “ದಾರೆ ಆಗಗಂಟ ಇದ್ನ ಮೈಯಿಂದ ಇಳಿಸ್ಕೂಡ್ದು. ನನ್ ಮ್ಯಾಲೆ ಆಣೆ ಮಾಡ್ಲಾ” ಎಂದಳು. ದೆವ್ವ ಭೂತ ಎಲ್ಲ ಸುಳ್ಳು ಎಂದು ವರ್ಷವಿಡೀ ಮಕ್ಕಳಿಗೆ ಪಾಠ ಮಾಡಿದ್ದ ನಾನು ಅವಳ ತಲೆ ಮುಟ್ಟಿ ಆಣೆ ಮಾಡಿದೆ. ಮೇಲೆ ಕೋಟು ಹಾಕಿಕೊಂಡು ಸೈಕಲ್ ಹತ್ತಿದೆ.

ಇನ್‌ಸ್ಪೆಕ್ಟರು ಹಿಂದಿನ ಬೆಂಚಿನಲ್ಲಿ ಪುಸ್ತಕ ತೆರೆದು ಕೂತರು. ಪಾಠ, ಕರೆಂಟು ಹರಿಯುವ ತಂತಿಯ ಸುತ್ತಲಿನ ಕಾಂತಕ್ಷೇತ್ರದ ದಿಕ್ಕು. ಬಲಗೈಯಲ್ಲಿ ತಂತಿ ಹಿಡಿದಂತೆ ಭಾವಿಸಿ. ಹೆಬ್ಬೆರಳು ಕರೆಂಟು ಹೋಗುವ ಕಡೆ ಇದ್ದರೆ, ಮಡಿಚಿದ ಬೆರಳುಗಳು ಕ್ಷೇತ್ರದ ದಿಕ್ಕು ತೋರಿಸುತ್ತವೆ. ಬಾಯಲ್ಲಿ ಚೆನ್ನಾಗಿ ಹೇಳಿದೆ. ತೋರಿಸಲು ಹೋದರೆ ದಿಕ್ಸೂಚಿಯ ಮುಳ್ಳಿಗೆ ಏನೋ ಬಂದಿತ್ತು. ತಂತಿಗೆ ಸೆಲ್ಲು ಜೋಡಿಸುವ ಮೊದಲೇ ಉತ್ತರ ಬಿಟ್ಟು ಎತ್ತಲೋ ನಿಂತಿತು. ನಾನು ಬಲಕ್ಕೆ ಸರಿದರೆ ಬಲಕ್ಕೆ, ಎಡಕ್ಕೆ ಸರಿದರೆ ಎಡಕ್ಕೆ. ಮೇಜಿಗೆ ಸೊಂಟ ಆನಿಸಿ ನಿಲ್ಲುವುದು ನನ್ನ ಅಭ್ಯಾಸ. ಸೆಲ್ಲು ಜೋಡಿಸಿದೆ; ನಾನು ಪಶ್ಚಿಮ ಎಂದರೆ ಮುಳ್ಳು ಅಲುಗಾಡಿ ಪೂರ್ವದ ಕಡೆಗೇ ನಿಂತಿತು. ಇನ್‌ಸ್ಪೆಕ್ಟರು ಏನೋ ಬರೆದುಕೊಂಡರು. ನನ್ನ ಕಾಯಂ ಕೆಲಸ, ರಾವಂದೂರಿನ ಚಪ್ಪರ, ಎರಡೂ ಕಣ್ಣೆದುರೇ ಕುಸಿದವು.

ಮುಂದಿನ ಸಾಲಿನ ಪುಟ್ಟತಾಯಿ ಎಂಬ ಹುಡುಗಿ ಎದ್ದು ನಿಂತಳು. “ಸಾ, ಮುಳ್ಳು ನಿಮ್ಮೊಟ್ಟೆ ಕಡೀಕೇ ತಿರುಗ್ತದೆ.”

ತರಗತಿ ಗೊಳ್ಳೆಂದಿತು. ಆಗ ಹೊಳೆಯಿತು ನನಗೆ: ಬಾಕು! ಈಗ ತೆಗೆದಿಡೋಣವೆಂದರೆ ಇನ್‌ಸ್ಪೆಕ್ಟರ ಎದುರಿಗೆ ಬಾಕು ಹಿರಿದ ಮೇಷ್ಟ್ರಾಗುತ್ತೇನೆ. ಅದಕ್ಕಿಂತ ಹೆಚ್ಚಾಗಿ, ಕೈ ಸೊಂಟದವರೆಗೆ ಹೋದದ್ದು ಅಲ್ಲೇ ನಿಂತಿತು. ಅಜ್ಜಿಯ ನೆತ್ತಿಯ ಬಿಸಿ ಇನ್ನೂ ಅಂಗೈಯಲ್ಲಿತ್ತು. ನಾನು ಮೇಜು ಬಿಟ್ಟು ಹಿಂದಕ್ಕೆ ನಡೆದು ಗೋಡೆಗೆ ಒರಗಿದೆ. “ಪುಟ್ಟತಾಯಿ, ನೀನೇ ಬಂದು ಮಾಡು” ಎಂದೆ.

ಅವಳು ಬಂದಳು. ಮುಳ್ಳು ಸುಮ್ಮನೆ ಉತ್ತರಕ್ಕೆ ನಿಂತಿತು. ತಂತಿಯನ್ನು ಅದರ ಮೇಲೆ ಉದ್ದಕ್ಕೆ ಹಿಡಿದು, ಹೆಬ್ಬೆರಳು ಬಡಗಲಿಗೆ ಮಾಡಿ, “ಬೆರಳು ತಂತಿ ಕೆಳಗೆ ಪಡುವ್ಲಿಗೆ ಬತ್ತವೆ ಸಾ. ಮುಳ್ಳೂ ಅತ್ಲಾಗೇ ಓಗ್ಬೇಕು” ಎಂದಳು. ಇನ್ನೊಬ್ಬಳು ಸೆಲ್ಲು ಜೋಡಿಸಿದಳು. ಮುಳ್ಳು ಪಶ್ಚಿಮದ ಕಿಟಕಿಯ ಕಡೆ ವಾಲಿತು. ಆಮೇಲೆ ಇಡೀ ತರಗತಿ ಸರದಿಯಲ್ಲಿ ಬಂದು ಮಾಡಿತು; ನಾನು ಗೋಡೆ ಬಿಟ್ಟು ಕದಲಲಿಲ್ಲ.

ಹೊರಡುವಾಗ ಇನ್‌ಸ್ಪೆಕ್ಟರು, “ಮಕ್ಕಳ ಕೈಲೇ ಮಾಡಿಸ್ತೀರಿ, ನೀವು ದೂರ ನಿಲ್ತೀರಿ. ಬಹಳ ಮೇಷ್ಟ್ರುಗಳಿಗೆ ಇದು ಗೊತ್ತಿಲ್ಲ” ಎಂದರು. ಕಿವಿಯ ಹಿಂದೆ ಉಳಿದಿದ್ದ ಅರಿಸಿನ ಕಂಡು ಮೀಸೆಯಲ್ಲೇ ನಕ್ಕರು. ಕೆಲಸ ಕಾಯಂ ಆಯಿತು. ನಿಜ ಹೇಳಬೇಕೆಂದರೆ, ಪಾಠ ಹೇಳುವುದನ್ನು ನಾನು ಕಲಿತದ್ದೂ ಅವತ್ತೇ.

ಇಷ್ಟಕ್ಕೆ ನನ್ನ ಕಥೆ ಮುಗಿಯುತ್ತದೆ. ಮುಗಿಸಿ, “ಆ ಹುಡುಗಿ ಅವತ್ತು ಎದ್ದು ನಿಲ್ಲದಿದ್ದರೆ ನೀನೆಲ್ಲೋ, ನಾನೆಲ್ಲೋ” ಎಂದು ಹೆಂಡತಿಗೆ ಹೇಳುವುದು ವಾಡಿಕೆ. ಅವಳು ಕಾಫಿಗೆ ಎದ್ದುಹೋಗುವುದೂ ವಾಡಿಕೆಯೇ. ಮೊನ್ನೆ ಏಳಲಿಲ್ಲ.

“ನಮ್ಮಪ್ಪ ಬ್ಯಾಡ ಅಂದಿದ್ರೆ ನಾನು ಬುಡ್ತಿದ್ನಾ? ಎಣ್ಣು ನೋಡಕೆ ಬಂದ ದಿನ್ವೇ ಅವ್ವಂಗೆ ಏಳಿದ್ದೆ, ಮದ್ವೆ ಆದ್ರೆ ಈ ಮೇಷ್ಟ್ರನ್ನೇ ಅಂತ. ಕೆಲ್ಸ ಇರ್ಲಿ, ಓಗ್ಲಿ.”

ಇಷ್ಟು ವರ್ಷ ಇನ್‌ಸ್ಪೆಕ್ಟರನ್ನು ನೆನೆದೆ, ಪುಟ್ಟತಾಯಿಯನ್ನು ನೆನೆದೆ. ಎದುರಿಗೆ ಕೂತವಳನ್ನು ಕೇಳಿಯೇ ಇರಲಿಲ್ಲ.

“ಇಷ್ಟು ದಿನ ಯಾಕೆ ಹೇಳಲಿಲ್ಲ?” ಎಂದೆ.

“ನೀವು ಕೇಳುದ್ರಾ?”

ಅವತ್ತು ಕಾಫಿ ನಾನೇ ಮಾಡಿದೆ.