ಬೆರಳಿಗೆ ಸಿಕ್ಕ ಛಂದಸ್ಸು

ಬೆಳಗಿನ ಆರು ಗಂಟೆ. ಕಾಲೇಜಿನ ಗ್ರಂಥಾಲಯದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಮೈದಾ ಅಂಟು ಕುದಿಯುತ್ತಿದೆ. ಹೊರಗೆ ಇನ್ನೂ ಕಸ ಗುಡಿಸುವ ಸದ್ದೂ ಇಲ್ಲ. ಮೋಟು ಸ್ಟೂಲಿನ ಮೇಲೆ ಕೂತ ಅಕ್ಕ ಸೌಟು ತಿರುಗಿಸುತ್ತಲೇ ಒಂದು ಚಿಟಿಕೆ ಮೈಲುತುತ್ತ ಉದುರಿಸುತ್ತಾರೆ. ಹುಳ ಪುಸ್ತಕದ ಹತ್ತಿರ ಸುಳಿಯಬಾರದಲ್ಲ, ಅದಕ್ಕೆ. ಅಂಟು ಹದಕ್ಕೆ ಬಂತೋ ಇಲ್ಲವೋ ಎಂದು ನೋಡುವುದು ಕಣ್ಣಲ್ಲಲ್ಲ, ಹೆಬ್ಬೆರಳು ತೋರುಬೆರಳಿನ ನಡುವೆ. ಎರಡು ಬೆರಳು ಬಿಡಿಸಿದಾಗ ಎಳೆ ಒಂದು ಗೆಣ್ಣಿನಷ್ಟು ಬಂದು ಕಡಿಯಬೇಕು. ಬಂತು. ಒಲೆ ಆರಿತು.

ಹರಿದ ಪುಸ್ತಕವೊಂದನ್ನು ಮುಂದಿಟ್ಟುಕೊಂಡು, ಚಾಕು ಇಡುವ ಮೊದಲು ಅದರ ಮೇಲೆ ಅಂಗೈ ಇಟ್ಟು ಕ್ಷಣ ಕಣ್ಣು ಮುಚ್ಚುತ್ತಾರೆ. ಏನು ಕೇಳಿಕೊಳ್ಳುತ್ತಾರೆ? "ಏನಿಲ್ಲಪ್ಪ. ನೋಯಿಸ್ತೀನಿ, ಮತ್ತೆ ಸರಿ ಮಾಡ್ತೀನಿ ಅಂತ ಮೊದ್ಲೇ ಹೇಳಿಬಿಡೋದು. ಡಾಕ್ಟ್ರು ಹೇಳಲ್ವಾ, ಹಾಗೆ."

ಇವರನ್ನು ಕಾಲೇಜಿನಲ್ಲಿ ಎಲ್ಲರೂ ಬೈಂಡಿಂಗ್ ಅಕ್ಕ ಎನ್ನುತ್ತಾರೆ. ವಯಸ್ಸು ಐವತ್ತಾರು, ಈ ಕೋಣೆಗೆ ಬಂದು ಮೂವತ್ತೊಂದು ವರ್ಷ. ದಿನಕ್ಕೆ ಹತ್ತೋ ಹನ್ನೊಂದೋ ಪುಸ್ತಕ ಇವರ ಕೈಯಲ್ಲಿ ಮರುಹುಟ್ಟು ಪಡೆಯುತ್ತವೆ. ಓದಿದ್ದು ಏಳನೇ ತರಗತಿ. ಆದರೆ ಗೋಡೆಯ ಮೇಲೊಂದು ಕಿಂಡಿ ಇದೆ. ಅದರ ಆಚೆ ಸಾಹಿತ್ಯದ ತರಗತಿ. ಮೇಷ್ಟ್ರ ಪಾಠ ಆ ಕಿಂಡಿಯಿಂದ ಇಳಿದು ಇವರ ಅಂಟಿನ ಪಾತ್ರೆಯ ಪಕ್ಕದಲ್ಲೇ ಬಂದು ಕೂರುತ್ತದೆ. ಹೀಗೆ ಮೂವತ್ತೊಂದು ವರ್ಷ ಫೀಸು ಕಟ್ಟದೆ ಪಾಠ ಕೇಳಿದ್ದಾರೆ. "ಉಪಮೆ ರೂಪಕ ಎಲ್ಲಾ ನಂಗೆ ಬರುತ್ತೆ. ನಮ್ಮ ಯಜಮಾನ್ರಿಗೆ 'ನೀವು ಕರಡಿ ಥರ ಗೊರಕೆ ಹೊಡೀತೀರಿ' ಅಂದ್ರೆ ಉಪಮೆ. 'ಏಳ್ರೀ ಕರಡಿ' ಅಂದ್ರೆ ರೂಪಕ" ಎಂದು ನಗುತ್ತಾರೆ. ಯಜಮಾನರು ನಿವೃತ್ತ ಬಸ್ ಚಾಲಕರು. ಮಧ್ಯಾಹ್ನ ಬುತ್ತಿ ತಂದು ಕೊಡುವಾಗ ಅವರೂ ಬಿಡುವುದಿಲ್ಲ: "ಇವಳಿಗೆ ಮನೇಲಿ ಒಂದು ಗುಂಡಿ ಹೊಲಿಯೋಕೆ ಪುರುಸೊತ್ತಿಲ್ಲ ಸ್ವಾಮಿ, ಇಲ್ಲಿ ಕೂತು ಷಟ್ಪದಿ ಹೊಲೀತಾಳೆ!"

ಷಟ್ಪದಿ ಹೊಲಿಯುವುದು ಎಂಬುದು ಬರೀ ಹಾಸ್ಯದ ಮಾತಲ್ಲ. ಅದರ ಹಿಂದೆ ಒಂದು ಕಥೆ ಇದೆ, ಮತ್ತು ಆ ಕಥೆ ಶುರುವಾಗುವುದು ಅಕ್ಕನ ತಪ್ಪಿನಿಂದ.

ಎರಡು ವರ್ಷದ ಹಿಂದೆ, ಹುಟ್ಟಿನಿಂದಲೇ ಕಣ್ಣು ಕಾಣದ ಹುಡುಗಿಯೊಬ್ಬಳು ಕೋಲು ತಟ್ಟುತ್ತಾ ಈ ಕೋಣೆಗೆ ಇಳಿದು ಬಂದಳು. ಸಾಹಿತ್ಯದ ವಿದ್ಯಾರ್ಥಿನಿ. ಕೈಯಲ್ಲಿ ಅವಳೇ ಚುಕ್ಕಿ ಒತ್ತಿ ಬರೆದುಕೊಂಡಿದ್ದ ಬ್ರೈಲ್ ಹಾಳೆಗಳ ಕಟ್ಟು: ಕಾವ್ಯದ ಪಾರಿಭಾಷಿಕ ಪದಗಳ ನಾಲ್ಕು ತಿಂಗಳ ಟಿಪ್ಪಣಿ. ಹೊಲಿದು ಕೊಡಿ ಎಂದು ಇಟ್ಟು ಹೋದಳು. ಅಕ್ಕ ಅಚ್ಚುಕಟ್ಟಾಗಿ ಹೊಲಿದರು, ಬೆನ್ನಿಗೆ ಬಟ್ಟೆ ಅಂಟಿಸಿದರು. ಎಲ್ಲ ಪುಸ್ತಕಕ್ಕೂ ಮಾಡುವಂತೆ ಕಬ್ಬಿಣದ ಪ್ರೆಸ್ಸಿಗೆ ಹಾಕಿ ತಿರುಪು ಬಿಗಿದು ಮನೆಗೆ ಹೋದರು. ಬೆಳಗಾಗುವಷ್ಟರಲ್ಲಿ ಉಬ್ಬಿದ ಚುಕ್ಕಿಗಳೆಲ್ಲ ಚಪ್ಪಟೆ.

"ಆ ಮಗು ಪುಟ ತಿರುಗಿಸ್ತು, ಇನ್ನೊಂದು ತಿರುಗಿಸ್ತು. 'ಅಕ್ಕ, ಇದು ಖಾಲಿ ಪುಸ್ತಕ, ನನ್ನದಲ್ಲ' ಅಂತು. ನಂಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು." ಇದನ್ನು ಹೇಳುವಾಗ ಅಕ್ಕ ಇವತ್ತೂ ದಾರಕ್ಕೆ ಮೇಣ ಉಜ್ಜುವುದನ್ನು ನಿಲ್ಲಿಸುತ್ತಾರೆ.

ಹುಡುಗಿ ಟಿಪ್ಪಣಿಯನ್ನು ಮತ್ತೆ ಬರೆದುಕೊಂಡಳು. ಅಕ್ಕನಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಪ್ರೆಸ್ಸಿಗೆ ಹಾಕಿದರೂ ಅಳಿಯದಂಥದ್ದನ್ನು ಮಾಡಿಕೊಡಬೇಕು. ತನಗೆ ಗೊತ್ತಿರುವುದು ಸೂಜಿ ದಾರ. ಹಾಗೆ ಹುಟ್ಟಿತು ಮುಟ್ಟಿ ಓದುವ ಪುಸ್ತಕ. ದಪ್ಪ ಹಾಳೆಯ ಮೇಲೆ ದಾರದ ಹೊಲಿಗೆ. ಒಂದು ಮಾತ್ರೆಯ ಅಕ್ಷರ ಲಘು. ಅದಕ್ಕೆ ಅಕ್ಕಿಕಾಳಿನಷ್ಟು ಹೊಲಿಗೆ. ಎರಡು ಮಾತ್ರೆಯದು ಗುರು. ಅದಕ್ಕೆ ಸರಿಯಾಗಿ ಎರಡರಷ್ಟು ಉದ್ದ. ಹೊಲಿಗೆಗೂ ಹೊಲಿಗೆಗೂ ನಡುವೆ ಒಂದು ಲಘುವಿನಷ್ಟು ಬಿಡುವು. ಯತಿ ಬಂದು ಉಸಿರು ನಿಲ್ಲುವಲ್ಲಿ ಒಂದು ಗಂಟು. ಸಾಲುಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸವಿದ್ದರೆ ಅಲ್ಲೆಲ್ಲ ಒಂದೇ ಅಳತೆಯ ಮಣಿ. ಬೆರಳು ಮೇಲಿನಿಂದ ಕೆಳಕ್ಕೆ ಇಳಿದರೆ ಮಣಿಗಳು ಒಂದರ ಕೆಳಗೊಂದು ಸಿಗುತ್ತವೆ. ಅಲಂಕಾರಗಳ ಪುಟ ಇನ್ನೂ ಸೊಗಸು. ಉಪಮೆಗೆ ಎರಡು ಬಟ್ಟೆ ತುಂಡು, ನಡುವೆ ಕೊಕ್ಕೆ. 'ಹಾಗೆ', 'ಅಂತೆ' ಎನ್ನುವುದೇ ಆ ಕೊಕ್ಕೆ. ರೂಪಕದಲ್ಲಿ ಕೊಕ್ಕೆಯಿಲ್ಲ, ಎರಡೂ ಬಟ್ಟೆ ಒಂದೇ ಆಗಿ ಹೊಲಿದುಹೋಗಿವೆ. ಉತ್ಪ್ರೇಕ್ಷೆಗೆ ಟಿಚ್ ಬಟನ್ನು: ಇರಬಹುದೇನೋ ಎಂದು ಕೂಡುತ್ತದೆ, ಎಳೆದರೆ ಬಿಡುತ್ತದೆ. ಪುಟದ ನೆತ್ತಿಗೆ ಹುಡುಗಿಯೇ ಬ್ರೈಲಿನಲ್ಲಿ ಒತ್ತಿಕೊಟ್ಟ ಹೆಸರಿನ ಕಾಗದಪಟ್ಟಿ. ಒಟ್ಟು ನಲವತ್ತಾರು ಹಾಳೆ. ಕೆಲಸ ಮುಗಿದ ಮೇಲೆ ದಿನಕ್ಕೊಂದು ಗಂಟೆಯಂತೆ, ಹದಿನಾಲ್ಕು ತಿಂಗಳು.

ಇತ್ತ ಹುಡುಗಿಯ ಮನಸ್ಸಿನಲ್ಲಿ ಬೇರೊಂದು ಕೊರಗಿತ್ತು. ಪರೀಕ್ಷೆಯಲ್ಲಿ ಪದ್ಯವನ್ನು ಲಘು ಗುರುಗಳಾಗಿ ಬಿಡಿಸಿ, ಗಣ ವಿಂಗಡಿಸಿ, ಛಂದಸ್ಸಿನ ಹೆಸರು ಹೇಳುವ ಪ್ರಸ್ತಾರದ ಪ್ರಶ್ನೆ ಬರುತ್ತದೆ, ಎಂಟು ಅಂಕಕ್ಕೆ. ಕಾಣದವರಿಗೆ ಅದರಲ್ಲಿ ರಿಯಾಯಿತಿ, ಬದಲಿಗೆ ಒಂದು ಸಣ್ಣ ಟಿಪ್ಪಣಿ ಬರೆದರೆ ಸಾಕು. ಅವಳಿಗೆ ಆ ರಿಯಾಯಿತಿ ಬೇಡ. "ಪದ್ಯ ಕಿವಿಗೆ ತಾನೇ ಅಕ್ಕ ಹುಟ್ಟಿದ್ದು? ಕಣ್ಣಿಲ್ಲ ಅಂತ ನನ್ನನ್ನ ಯಾಕೆ ಹೊರಗೆ ಕೂರಿಸ್ತಾರೆ?" ಎಂದು ಕೇಳುತ್ತಿದ್ದಳು. ಅದು ಅವಳ ಕೊನೆಯ ವರ್ಷ. ಮೇಷ್ಟ್ರು ಶಿಫಾರಸು ಪತ್ರ ಬರೆದರೆ ಪರೀಕ್ಷಾ ವಿಭಾಗ ಒಪ್ಪಬಹುದು. ಮೊದಲು ನನಗೆ ಮಾಡಿ ತೋರಿಸು ಎಂದರು ಮೇಷ್ಟ್ರು.

ಅವಳು ಹೋದಳು. ಷಟ್ಪದಿಯ ಲಕ್ಷಣ ಕೇಳಿದರು. ಸರಿಯಾಗಿಯೇ ಹೇಳಿ, ಕೊನೆಗೆ ಇಷ್ಟು ಸೇರಿಸಿದಳು: "ಪ್ರತಿ ಷಟ್ಪದಿಯ ಹಿಂದೆ ಒಂದು ಸರ್ವಲಘು ಪದ್ಯ ಇರುತ್ತೆ ಮೇಷ್ಟ್ರೇ, ಬರೀ ಲಘುಗಳೇ. ಅದರಲ್ಲಿ ಸಾಲಿಗೊಂದು ಅಕ್ಷರ ಕಡಿಮೆ."

"ಯಾವ ಗ್ರಂಥದಲ್ಲಿದೆ ತಾಯಿ, ಈ ಲಕ್ಷಣ?"

"ಅಕ್ಕನ ಪುಸ್ತಕದಲ್ಲಿ."

ಅಧ್ಯಾಪಕರ ಕೋಣೆಯೇ ಘೊಳ್ಳೆಂದಿತು. ರಿಯಾಯಿತಿ ತಗೋ ಮಗು, ಸುಮ್ಮನೆ ಯಾಕೆ ಕಷ್ಟ ಎಂದರು ಮೇಷ್ಟ್ರು.

ಹುಡುಗಿ ಕೆಳಗಿಳಿದು ಬಂದು ಪುಸ್ತಕ ತೆರೆದು, ಅಕ್ಕನ ಬೆರಳು ಹಿಡಿದು ಎಡಬದಿಯ ಪುಟದ ಮೇಲೆ ಇಟ್ಟಳು. "ಇದು ಏನು ಹಾಗಾದ್ರೆ?"

ಅಕ್ಕ ಕಣ್ಣು ಮುಚ್ಚಿ ಮುಟ್ಟಿದರು. ಸಣ್ಣ ಹೊಲಿಗೆ, ಸಣ್ಣ ಹೊಲಿಗೆ, ಸಣ್ಣ ಹೊಲಿಗೆ. ಅದು ಪದ್ಯವಲ್ಲ, ಹೊಲಿಗೆಯ ಬೆನ್ನು. ಮುಂದೆ ಬಿಟ್ಟ ಬಿಡುವುಗಳೆಲ್ಲ ಹಿಂದೆ ದಾರವಾಗಿ ಮೂಡಿವೆ, ಒಂದೊಂದೂ ಒಂದು ಲಘುವಿನಷ್ಟು. ಬಿಡುವುಗಳು ಹೊಲಿಗೆಗಿಂತ ಒಂದು ಕಡಿಮೆ ಇರುವುದು ಸಹಜ ತಾನೇ? ಕಣ್ಣಿದ್ದವರು ಹಿಂಬದಿ ನೋಡಿದ ಕೂಡಲೇ ಪುಟ ಮಗುಚುತ್ತಾರೆ. ಬೆರಳಲ್ಲಿ ಓದುವವಳಿಗೆ ಮುಂದೆ ಯಾವುದು, ಹಿಂದೆ ಯಾವುದು? ಹೆಸರಿನ ಪಟ್ಟಿಯಿಲ್ಲದ ಪುಟವನ್ನು ಹಿಂದಿನದರ ಮುಂದುವರಿಕೆ ಎಂದೇ ಅವಳು ಶ್ರದ್ಧೆಯಿಂದ ಕಲಿತಿದ್ದಳು.

"ಹದಿನಾಲ್ಕು ತಿಂಗಳು ಹೊಲಿದೆ, ಒಂದು ದಿನ ಹಿಂದುಗಡೆ ಕೈಯಾಡಿಸಿ ನೋಡ್ಲಿಲ್ಲ" ಎನ್ನುತ್ತಾರೆ ಅಕ್ಕ. "ಕಣ್ಣು ಕಾಣದೆ ಇದ್ದದ್ದು ನಂಗೆ, ಅವಳಿಗಲ್ಲ."

ಅಂದು ಸೋಮವಾರ. ಅಕ್ಕನೇ ಅಂಟಿನ ಕೈ ಒರೆಸಿಕೊಂಡು ಮೇಲೆ ಹತ್ತಿದರು. ಮೂವತ್ತೊಂದು ವರ್ಷದಲ್ಲಿ ಅಧ್ಯಾಪಕರ ಕೋಣೆಯ ಹೊಸ್ತಿಲು ದಾಟಿದ್ದು ಅದೇ ಮೊದಲು. "ತಪ್ಪು ನಂದು ಮೇಷ್ಟ್ರೇ. ಶಿಕ್ಷೆ ಅವಳಿಗೆ ಬೇಡ. ಶುಕ್ರವಾರ ಇನ್ನೊಂದು ಸಲ ಕೇಳಿ." ಮೇಷ್ಟ್ರು ಕನ್ನಡಕ ತೆಗೆದು ನೋಡಿ, ಆಗಲಿ ಎಂದು ತಲೆಯಾಡಿಸಿದರು.

ಆಮೇಲೆ ಅಕ್ಕ ತಮ್ಮ ಕೈಯಾರೆ ಕಟ್ಟಿದ ಪುಸ್ತಕದ ಮೇಲೆ ಅಂಗೈ ಇಟ್ಟು, ಎಂದಿನ ಮಾತು ಹೇಳಿ, ಬೆನ್ನು ಸೀಳಿದರು. ಹಾಳೆಗೊಂದು ನುಣುಪು ಹಾಳೆಯಂತೆ ಹಿಂಬದಿಗೆ ಅಂಟಿಸುತ್ತಾ ಬಂದರು. ದಿನಕ್ಕೆ ಹದಿನೈದು ಹಾಳೆ; ಪ್ರೆಸ್ಸಿಗಿಡದೆ, ನೆರಳಲ್ಲಿ ಒಣಗಿಸಿ. ಅವಳು ಒಣಗಿದ ಹಾಳೆಯನ್ನು ಒಂದೊಂದಾಗಿ ತೆಗೆದುಕೊಂಡು ಅಲ್ಲೇ ನೆಲದ ಮೇಲೆ ಕೂತು ಮತ್ತೆ ಓದಿದಳು. ಬುತ್ತಿ ತಂದ ಯಜಮಾನರು ಈ ಸಲ ಗುಂಡಿಯ ಮಾತೆತ್ತದೆ ಕತ್ತರಿ ಹಿಡಿದು ಹಾಳೆ ಕತ್ತರಿಸಿಕೊಟ್ಟರು.

ಶುಕ್ರವಾರ ಹನ್ನೊಂದು ಗಂಟೆ. ಖಾಲಿ ತರಗತಿಯಲ್ಲಿ ಮೇಷ್ಟ್ರು ಮತ್ತು ಹುಡುಗಿ. ಕಿಂಡಿಯ ಈಚೆ ಅಕ್ಕ. ಪುಸ್ತಕದಲ್ಲಿ ಎಲ್ಲೂ ಸಿಗಬಾರದೆಂದು ಮೇಷ್ಟ್ರು ತಾವೇ ಕಟ್ಟಿದ ಪದ್ಯವೊಂದನ್ನು ನಿಧಾನವಾಗಿ ಓದಿದರು. ಹುಡುಗಿಯ ಕೈಯಲ್ಲಿ ಮೇಣ ಹಚ್ಚಿದ ಉದ್ದ ದಾರ. ಲಘುವಿಗೆ ಒಂದು ಗಂಟು, ಗುರುವಿಗೆ ಜೋಡಿ ಗಂಟು. ಕೆಳಗೆ ಅಕ್ಕನೂ ಹೆಬ್ಬೆರಳಿನಿಂದ ಗೆಣ್ಣು ಎಣಿಸುತ್ತಿದ್ದರು. ಆರು ಸಾಲು ಮುಗಿದವು. ಹುಡುಗಿ ದಾರವನ್ನು ಮೊದಲಿಂದ ಕೊನೆವರೆಗೆ ಬೆರಳಲ್ಲಿ ಓದಿಕೊಂಡಳು. ಆಮೇಲೆ ಸ್ಪಷ್ಟವಾಗಿ ಕೇಳಿತು: "ಮೂರು ನಾಲ್ಕು, ಮೂರು ನಾಲ್ಕು. ಮೂರನೇ ಸಾಲು, ಆರನೇ ಸಾಲು ಉದ್ದ, ಕೊನೆಗೊಂದು ಗುರು. ಭಾಮಿನಿ ಷಟ್ಪದಿ, ಮೇಷ್ಟ್ರೇ."

"ಇದರ ಹಿಂದೆ ಸರ್ವಲಘು ಪದ್ಯ ಇಲ್ವಾ?"

"ಅದು ಅಕ್ಕನ ಪುಸ್ತಕಕ್ಕೆ ಮಾತ್ರ. ನಿಮ್ಮ ಪದ್ಯಕ್ಕೆ ಆ ಭಾಗ್ಯ ಇಲ್ಲ ಬಿಡಿ."

ಮೇಷ್ಟ್ರು ನಕ್ಕಿದ್ದು ಕೆಳಗಿನವರೆಗೂ ಕೇಳಿತು. ಆಗಲೇ ಅಕ್ಕನಿಗೆ ಒಲೆಯ ನೆನಪಾದದ್ದು. ಅಂಟು ತಳ ಹತ್ತಿ ಕರಕಲಾಗಿತ್ತು. ಅಷ್ಟು ವರ್ಷದಲ್ಲಿ ಅಂಟು ಸೀದದ್ದು ಅದೊಂದೇ ದಿನ.

ಪತ್ರ ಹೋಯಿತು, ಒಪ್ಪಿಗೆ ಬಂತು. ಪರೀಕ್ಷೆ ಮುಗಿದು ಈಗ ಹದಿನೈದು ದಿನ. ಹುಡುಗಿ ದಾರ ಹಿಡಿದು ಎಲ್ಲರಿಗೂ ಕೊಟ್ಟ ಪ್ರಶ್ನೆಯನ್ನೇ ಬಿಡಿಸಿ ಬಂದಿದ್ದಾಳೆ. ಅಂಕ ಇನ್ನೂ ಬಂದಿಲ್ಲ. ಅದರ ಚಿಂತೆ ಇಬ್ಬರಿಗೂ ಇದ್ದಂತಿಲ್ಲ. ಮುಂದಿನ ವರ್ಷ ಇನ್ನಿಬ್ಬರು ಕಾಣದ ಮಕ್ಕಳು ಸಾಹಿತ್ಯಕ್ಕೆ ಸೇರುತ್ತಾರಂತೆ. ಅಕ್ಕ ಎರಡನೇ ಪ್ರತಿ ಶುರು ಮಾಡಿದ್ದಾರೆ. ಈಗ ಯಾವ ಪುಸ್ತಕ ಮುಗಿದರೂ ಕಣ್ಣು ಮುಚ್ಚಿ ಹಿಂಬದಿಯ ಮೇಲೊಮ್ಮೆ ಕೈಯಾಡಿಸುತ್ತಾರೆ.

ನಿಮ್ಮ ಆಸೆ ಏನು ಎಂದು ಕೇಳಿದರೆ, "ಪುಸ್ತಕ ಕಟ್ಟೋರು ಯಾರಾದ್ರೂ ಇದನ್ನ ಓದಿದ್ರೆ, ಬ್ರೈಲ್ ಪುಸ್ತಕ ಪ್ರೆಸ್ಸಿಗೆ ಹಾಕ್ಬೇಡಿ ಅಂತ ಬರೀರಿ, ಅಷ್ಟು ಸಾಕು" ಎನ್ನುತ್ತಾರೆ.

ನಾವು ಹೊರಡುವ ಹೊತ್ತಿಗೆ, ಅಕ್ಕ ಏನೋ ನೆನಪಾದವರಂತೆ, ಮಾದರಿಗೆಂದು ಇಟ್ಟುಕೊಂಡ ಮೊದಲ ಪ್ರತಿಯನ್ನು ಕಪಾಟಿನಿಂದ ಇಳಿಸಿ ಕೊನೆಯ ಹಾಳೆ ಮಗುಚುತ್ತಾರೆ. ಅದೊಂದಕ್ಕೆ ಹಿಂಬದಿಯ ನುಣುಪು ಹಾಳೆಯಿಲ್ಲ; ಹೊಲಿಗೆಯ ಬೆನ್ನು ಹಾಗೇ ಇದೆ. ಹುಡುಗಿಯೇ ಹಟ ಹಿಡಿದು ಹಾಗೇ ಉಳಿಸಿಕೊಂಡದ್ದಂತೆ. ಅದರ ನೆತ್ತಿಗೆ ಈಗ ಒಂದು ಬ್ರೈಲ್ ಪಟ್ಟಿಯೂ ಅಂಟಿದೆ. ಅಕ್ಕನಿಗೆ ಆ ಚುಕ್ಕಿಗಳನ್ನು ಓದಲು ಬರುವುದಿಲ್ಲ, ಬಾಯಿಪಾಠ ಮಾಡಿಕೊಂಡಿದ್ದಾರೆ: "ಸರ್ವಲಘು. ಕಟ್ಟಿದವರು ನಮ್ಮ ಅಕ್ಕ."

ಮೇಣ ಹತ್ತಿದ ಬೆರಳು ಆ ಸಾಲುಗಳ ಮೇಲೆ ಒಮ್ಮೆ ಹೋಗಿ ಬರುತ್ತದೆ. "ನಂದೂ ಒಂದು ಪದ್ಯ ಇದೆ ನೋಡಿ" ಎನ್ನುತ್ತಾರೆ. "ಸಾಲಿಗೊಂದು ಅಕ್ಷರ ಕಡಿಮೆ, ಅಷ್ಟೇ."