ಎರಡು ಹೊಲದ ತಪ್ಪು

ಹಾಸನದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಪಹಣಿ ತೆಗೆದುಕೊಡುವುದು, ಆನ್‌ಲೈನ್ ಅರ್ಜಿ ಹಾಕುವುದು, ಮದುವೆ ಪತ್ರಿಕೆ ಟೈಪ್ ಮಾಡುವುದು ನನ್ನ ಕೆಲಸ. ಸುತ್ತಲಿನವರು ನನ್ನನ್ನು ಕಂಪ್ಯೂಟರ್ ಅಕ್ಕ ಅನ್ನುತ್ತಾರೆ. ಹಾಗೆ ಕರೆಸಿಕೊಂಡು ಕರೆಸಿಕೊಂಡು ನನಗೆ ಕೊಂಬು ಬಂದಿತ್ತು. ಅದು ಮುರಿದದ್ದು ಶಾಂತಿಗ್ರಾಮದ ಹತ್ತಿರ, ನನ್ನ ನಾದಿನಿಯ ಊರಿನಲ್ಲಿ, ಊರವರ ಎದುರಿಗೇ. ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ನಾದಿನಿ ಎಂದರೆ ನನ್ನ ಗಂಡನ ತಂಗಿ. ಅವಳು, ಅವಳ ಗಂಡ ಇಬ್ಬರೂ ಹೊಲ ಮಾಡಿಕೊಂಡು, ಹಸು ಕಟ್ಟಿಕೊಂಡು, ಡೈರಿಗೆ ಹಾಲು ಹಾಕಿಕೊಂಡು ಗಟ್ಟಿಯಾಗಿ ಬದುಕುತ್ತಿದ್ದಾರೆ. ನನಗೆ ತವರೆಂಬುದು ಉಳಿದಿಲ್ಲ. ಅಮ್ಮ ಹೋದ ಮೇಲೆ ಆ ಬಾಗಿಲು ಮುಚ್ಚಿತು. ಹಾಗಾಗಿ ಲೋಕದಲ್ಲೆಲ್ಲ ನಾದಿನಿಯರು ತವರಿಗೆ ಬಂದರೆ, ನಾನು ನಾದಿನಿಯ ಮನೆಯನ್ನೇ ತವರು ಮಾಡಿಕೊಂಡಿದ್ದೆ. ಹೇಳಿ ಹೋಗುವುದಿಲ್ಲ, ಮುಂಬಾಗಿಲು ಬಡಿಯುವುದಿಲ್ಲ. ಬಸ್ಸಿಳಿದು ಹಿತ್ತಲಿನಿಂದ ನುಗ್ಗಿ ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತರೆ ಆಯಿತು. ಅವಳು ತಿರುಗಿಯೂ ನೋಡದೆ, 'ಬಂದ್ರಾ ಅತ್ಗೆಮ್ಮ, ಆ ಅವರೆಕಾಯಿ ಬುಡಿಸ್ಕೊಡಿ' ಅನ್ನುತ್ತಿದ್ದಳು. ಅಷ್ಟು ಸಲಿಗೆ.

ನನಗೆ ಒಂದು ಹುಚ್ಚಿದೆ, ಜಿಯೋಕ್ಯಾಷಿಂಗ್ ಅಂತ. ಯಾರೋ ಒಬ್ಬರು ಒಂದು ಡಬ್ಬಿಯನ್ನು ಎಲ್ಲೋ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶದ ಅಂಕಿಯನ್ನು ಇಂಟರ್‌ನೆಟ್ಟಿನಲ್ಲಿ ಹಾಕುತ್ತಾರೆ. ಬೇರೆಯವರು ಜಾಗದ ಅಂಕಿ ತೋರಿಸುವ ಜಿಪಿಎಸ್ ಎಂಬ ಪುಟ್ಟ ಮಿಷಿನ್ನನ್ನು ಕೈಯಲ್ಲಿ ಹಿಡಿದು ಹುಡುಕಿಕೊಂಡು ಹೋಗಿ, ಡಬ್ಬಿಯೊಳಗಿನ ಚೀಟಿಯಲ್ಲಿ ಹೆಸರು ಬರೆದು, ಇದ್ದಲ್ಲೇ ಇಟ್ಟು ಬರುತ್ತಾರೆ. ಇದರಿಂದ ಏನು ಬರುತ್ತದೆ ಎಂದು ಕೇಳಬೇಡಿ, ಏನೂ ಬರುವುದಿಲ್ಲ. ಸಾಲಗಾಮೆ ರಸ್ತೆಯ ಗೆಳತಿಯೊಬ್ಬಳು ಹಿಡಿಸಿದ ಹುಚ್ಚು ಇದು. ಹಳ್ಳಿಮೈಸೂರಿನ ಕಡೆ, ಅರಕಲಗೂಡಿನ ಕಡೆ ಸ್ಕೂಟರಿನಲ್ಲಿ ಅಲೆದಿದ್ದೇವೆ. ನಾನೂ ಒಂದು ಡಬ್ಬಿ ಇಟ್ಟಿದ್ದೆ, ನಾದಿನಿಯ ಹೊಲದ ಬದುವಿನಲ್ಲಿ, ಕಲ್ಲುಗಳ ಸಂದಿಯಲ್ಲಿ.

ಇಡುವಾಗ ಅವಳು ಒಂದೇ ಮಾತು ಹೇಳಿದ್ದಳು. 'ಏನಾರ ಮಾಡ್ಕಳಿ. ಊರ್ಮುಂದ್ಲ ಕರುಗಲ್ಲಿನ್ ತಂಟೆಗೆ ಮಾತ್ರ ಯಾರೂ ಬರ್ಕೂಡ್ದು.' ಕರುಗಲ್ಲು ಎಂದರೆ ಊರು ಕಟ್ಟಿದ ದಿನ ನೆಟ್ಟ ಕಲ್ಲು. ಅದರ ಬುಡದಲ್ಲಿ ಹಿರಿಯರು ಏನೇನೋ ಹೂತಿದ್ದಾರೆ ಎಂಬ ನಂಬಿಕೆ. ದನಗಳಿಗೆ ರೋಗ ಬಂದರೆ ಆ ಕಲ್ಲಿಗೆ ನೀರೆರೆದು, ಊರ ದನಗಳನ್ನೆಲ್ಲ ಅದರ ಮುಂದೆ ಹಾಯಿಸುತ್ತಾರೆ. ಅದು ನಾದಿನಿಯ ಹೊಲಕ್ಕಿಂತ ಎರಡು ಹೊಲ ಆಚೆ ಇದೆ. 'ಅಷ್ಟು ದೂರ ಯಾಕೆ ಬರ್ತಾರೆ, ನನ್ನ ಅಂಕಿ ಅಂದ್ರೆ ಅಂಕಿ' ಎಂದು ಜಂಬ ಕೊಚ್ಚಿದ್ದೆ.

ಕಳೆದ ವರ್ಷ ಅಂಗಡಿಯ ಹಳೆಯ ಕಂಪ್ಯೂಟರ್ ಕೈಕೊಟ್ಟಿತು. ಹೊಸದು ಕೊಂಡೆ. ವಿಂಡೋಸ್ ಸಹವಾಸ ಸಾಕು ಎಂದು ಅದರ ಬದಲು ಬಿಟ್ಟಿ ಸಿಗುವ ಲಿನಕ್ಸ್ ಹಾಕಿಸಿಕೊಂಡೆ. ಅರ್ಜಿ, ಟೈಪಿಂಗು, ಪ್ರಿಂಟು ಎಲ್ಲ ದಾರಿಗೆ ಬಂದವು. ಜಿಪಿಎಸ್ ಮಾತ್ರ ಹಠ ಹಿಡಿಯಿತು. ಅದರ ಜೊತೆಗೆ ಬಂದಿದ್ದ ಪ್ರೋಗ್ರಾಮು ಹೊಸ ಕಂಪ್ಯೂಟರಿನಲ್ಲಿ ತೆರೆಯಲೇ ಇಲ್ಲ. ಕೇಬಲ್ ಚುಚ್ಚಿದರೆ ಕಂಪ್ಯೂಟರಿಗೆ ಅದು ಕಾಣಲೂ ಇಲ್ಲ. ದಿನಗಟ್ಟಲೆ ಗುದ್ದಾಡಿದ ಮೇಲೆ ಗೊತ್ತಾಯಿತು, ನಾನು ಚುಚ್ಚುತ್ತಿದ್ದದ್ದು ಬರೀ ಚಾರ್ಜ್ ಆಗುವ ಕೇಬಲ್. ಇದನ್ನು ಯಾರಿಗೂ ಹೇಳಲಿಲ್ಲ. ಅಷ್ಟರಲ್ಲಿ ಸಿಟ್ಟಿಗೆ ಜಿಪಿಎಸ್ಸನ್ನೇ ಪೂರ್ತಿ ರಿಸೆಟ್ ಮಾಡಿಬಿಟ್ಟಿದ್ದೆ.

ರಿಸೆಟ್ ಆದ ಮೇಲೆ ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕಾಯಿತು. ಭಾಷೆ ಯಾವುದು, ಗಡಿಯಾರ ಹೇಗೆ, ದೂರ ಮೈಲಿಯಲ್ಲೋ ಕಿಲೋಮೀಟರಿನಲ್ಲೋ. ಆಮೇಲೆ 'ಡೇಟಮ್' ಎಂದು ಒಂದು ಸಾಲು ಬಂತು. ಅದರಲ್ಲಿ ದೇಶ ದೇಶಗಳ ಹೆಸರು. ಮೊದಲೇ ಅಲ್ಲಿ ಇಂಗ್ಲಿಷ್ ಅಕ್ಷರವೂ ಅಂಕಿಯೂ ಸೇರಿದ ಯಾವುದೋ ಒಂದು ಕೂತಿತ್ತು. ಕೆಳಗೆ ಹೋದರೆ 'ಇಂಡಿಯನ್' ಎಂದಿದೆ! ಅರ್ಜಿ ಫಾರಮ್ಮುಗಳಲ್ಲಿ ದೇಶ ಎಂಬ ಕಡೆ ದಿನವೂ ಇಂಡಿಯಾ ಒತ್ತುವ ಕೈ ಇದು. ನಮ್ಮದೇ ಇರುವಾಗ ಬೇರೆಯವರದು ಯಾಕೆ ಎಂದು ಒತ್ತಿದೆ. ಡೇಟಮ್ ಎಂದರೆ ಭೂಮಿಯನ್ನು ಅಳೆಯಲು ಶುರುಮಾಡುವ ಲೆಕ್ಕ, ಲೆಕ್ಕ ಬದಲಾದರೆ ಅದೇ ಜಾಗಕ್ಕೆ ಬೇರೆ ಅಂಕಿ ಬರುತ್ತದೆ, ಡಬ್ಬಿ ಹುಡುಕುವ ಆಟದವರೆಲ್ಲ ಆ ಮೊದಲಿನದನ್ನೇ ಇಟ್ಟುಕೊಂಡಿರುತ್ತಾರೆ ಎಂಬುದನ್ನು ಓದುವ ತಾಳ್ಮೆ ನನಗಿರಲಿಲ್ಲ. ಸರಿಯಾದ ಕೇಬಲ್ ತಂದು ಹಳೆಯ ಜಾಗಗಳ ಫೈಲನ್ನು ಅದರೊಳಗೆ ಹಾಕಿದೆ. ಕೊರವಂಗಲದ ಕಡೆ ಹೋಗಿ ನೋಡಿದರೆ ಬಾಣದ ಗುರುತು ಹಿಂದೆ ಹುಡುಕಿದ್ದ ಒಂದು ಡಬ್ಬಿಯ ಎದುರಿಗೇ ತಂದು ನಿಲ್ಲಿಸಿತು. ಫೈಲಿನ ಅಂಕಿಯನ್ನು ಅದು ತಾನೇ ಹೊಂದಿಸಿಕೊಳ್ಳುತ್ತದೆ, ಪರದೆಯ ಮೇಲೆ ತೋರಿಸುವ ಅಂಕಿ ಮಾತ್ರ ಬೇರೆ ಎಂದು ನನಗೆ ಆಗ ತಿಳಿಯಲಿಲ್ಲ. ಗೆದ್ದೆ ಎಂದುಕೊಂಡೆ.

ಅದೇ ವಾರ ನಾದಿನಿಯ ಗಂಡ ಬದು ಸರಿಮಾಡಿಸಿದ. ನಾನು ಹೋಗಿ ಡಬ್ಬಿಯನ್ನು ಒಂದಿಷ್ಟು ಸರಿಸಿ ಇಟ್ಟು, ಪರದೆಯ ಮೇಲಿದ್ದ ಅಂಕಿಯನ್ನು ಬರೆದುಕೊಂಡು ಬಂದು ಇಂಟರ್‌ನೆಟ್ಟಿನಲ್ಲಿ ಹಾಕಿದೆ. ಆ ಅಂಕಿ ಉಳಿದವರ ಜಿಪಿಎಸ್ಸಿನಲ್ಲಿ ತೋರಿಸುತ್ತಿದ್ದದ್ದು ಎರಡು ಹೊಲ ಆಚೆ. ನೇರ ಕರುಗಲ್ಲಿನ ಬುಡಕ್ಕೆ.

ಮಹಾರಾಷ್ಟ್ರದ ಕಡೆಯ ಗಂಡ ಹೆಂಡತಿ, ನಡುವಯಸ್ಸಿನವರು, ಶ್ರವಣಬೆಳಗೊಳಕ್ಕೆ ಹೋಗುವ ದಾರಿಯಲ್ಲಿ ನನ್ನ ಡಬ್ಬಿ ಹುಡುಕಲು ಕಾರು ನಿಲ್ಲಿಸಿದರು. ಕಲ್ಲಿನ ಸುತ್ತ ತಡಕಿದರು, ಸಿಗಲಿಲ್ಲ. ಬುಡದ ಚಿಕ್ಕ ಕಲ್ಲುಗಳನ್ನು ಸರಿಸಿ, ಕಡ್ಡಿಯಿಂದ ಮಣ್ಣು ಕೆದಕಿದರು. ಊರಿನಲ್ಲಿ ಆಗ ದನಗಳಿಗೆ ಚರ್ಮಗಂಟು ರೋಗ. ಹಿಂದಿನ ವಾರವಷ್ಟೇ ಕಲ್ಲಿಗೆ ಪೂಜೆಯಾಗಿ ದನ ಹಾಯಿಸಿದ್ದರು. ಕೈಯಲ್ಲಿ ಕೀಂಗುಟ್ಟುವ ಮಿಷಿನ್ನು, ಕಾಲಡಿ ಕೆದಕಿದ ಮಣ್ಣು. 'ನಿಧಿ ತೆಗ್ಯೋರು ಕಣ್ರಲಾ!' ಎಂದು ಯಾರೋ ಕೂಗಿದ್ದೇ ತಡ, ಜನ ಮುತ್ತಿಕೊಂಡರು.

ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಟಿದ್ದ ನಾದಿನಿ ಅದನ್ನು ಕಂಡಳು. ಆ ಹೆಂಗಸು ಅಳುತ್ತ ಫೋನಿನಲ್ಲಿ ಡಬ್ಬಿಯ ಚಿತ್ರ ತೋರಿಸಿದಳಂತೆ. ನಾದಿನಿಗೆ ಗುರುತು ಸಿಕ್ಕಿತು. 'ಮುಟ್ಬ್ಯಾಡಿ, ಇವ್ರು ನಮ್ಮತ್ಗೆ ಕಡೇರು. ಕಳ್ರಲ್ಲ, ನಾನ್ ಜವಾಬು' ಎಂದು ನಡುವೆ ನಿಂತಳು. ಆಮೇಲೆ ನನಗೆ ಫೋನು ಮಾಡಿದಳು.

ಅಂಗಡಿ ತುಂಬ ಗಿರಾಕಿಗಳು. ಅವರಿಗೆಲ್ಲ ಕೇಳುವ ಹಾಗೆ ನಾನು ಹೇಳಿದೆ, 'ನನ್ನ ಅಂಕಿ ತಪ್ಪಾಗೋಕೆ ಸಾಧ್ಯಾನೇ ಇಲ್ಲ ಕಣವ್ವ. ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ. ಅವ್ರಿಗೆ ನೋಡೋಕೆ ಬರಲ್ಲ. ಬತ್ತೀನಿ ಇರು, ತೋರಿಸ್ತೀನಿ.'

ಸ್ಕೂಟರಿನಲ್ಲಿ ಹೋದೆ. ಕರುಗಲ್ಲಿನ ಹತ್ತಿರ ಊರ ಹಿರಿಯರು, ಹೆಂಗಸರು, ನಡುವೆ ಆ ಇಬ್ಬರು. ಯಾರನ್ನೂ ಮಾತಾಡಿಸದೆ ನೇರ ಕಲ್ಲಿನ ಪಕ್ಕ ನಿಂತು ನನ್ನ ಜಿಪಿಎಸ್ ತೆಗೆದೆ. ಪರದೆಯಲ್ಲಿ ಬಂದ ಅಂಕಿ ಇಂಟರ್‌ನೆಟ್ಟಿನಲ್ಲಿ ನಾನು ಹಾಕಿದ್ದಕ್ಕಿಂತ ಬೇರೆ. 'ನೋಡಿ, ಸರಿಯಾಗಿ ನೋಡಿ! ನಾನು ಹಾಕಿರೋ ಜಾಗ ಇದಲ್ಲ. ಇವ್ರ ಮಿಷಿನ್ನೇ ಸರಿಯಿಲ್ಲ' ಎಂದು ಒಬ್ಬೊಬ್ಬರ ಮುಖಕ್ಕೂ ಹಿಡಿದೆ. ಅರ್ಜಿ ತಿರಸ್ಕಾರವಾದವರಿಗೆ ಬುದ್ಧಿ ಹೇಳುವಾಗಿನ ದನಿ ಅದು.

ಆ ಹೆಂಗಸು ಕಣ್ಣೊರೆಸಿಕೊಂಡು, ಒಮ್ಮೆ ಕೊಡಿ ಎಂದು ಹಿಂದಿಯಲ್ಲಿ ಮೆಲ್ಲಗೆ ಕೇಳಿದಳು. ನನ್ನ ಜಿಪಿಎಸ್ಸಿನೊಳಗೆ ಹೋಗಿ ಒಂದು ಸಾಲು ಬದಲಿಸಿ ವಾಪಸ್ಸು ಕೊಟ್ಟಳು. ಇಂಡಿಯನ್ ಹೋಗಿ ಆ ಮೊದಲಿನದು ಬಂದಿತ್ತು. ಈಗ ಪರದೆಯ ಮೇಲೆ ನಾನು ಇಂಟರ್‌ನೆಟ್ಟಿನಲ್ಲಿ ಹಾಕಿದ್ದ ಅಂಕಿಯೇ ಇತ್ತು. ಅವರನ್ನು ಈ ಕಲ್ಲಿನ ಬುಡಕ್ಕೆ ಕಳಿಸಿದವಳು ನಾನೇ. ಅವಳು ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

ಹಿರಿಯರೊಬ್ಬರು ಕೇಳಿದರು, 'ಏನವ್ವಾ, ತಪ್ಪು ಯಾರ್ದು ಅಂತ ಗೊತ್ತಾಯ್ತಾ?'

ಗೊತ್ತಾಗಿತ್ತು. ಹೇಳಲು ಬಾಯಿಯೂ ತೆರೆದೆ. ಹೊರಗೆ ಬಂದ ಮಾತು ಇದು: 'ಮಿಷಿನ್ದು ಕಣಣ್ಣ. ಕಂಪ್ಯೂಟರ್ ಬದಲಾಯಿಸಿದ್ನಲ್ಲ, ಅದ್ರಿಂದ ಎಡವಟ್ಟಾಗಿದೆ.'

'ಮಿಷಿನ್ ಕೈಲಿ ತಂಪು ಮಾಡ್ಸಕಾಯ್ತದಾ?' ಎಂದರು ಅವರು.

ಆ ಊರಿನ ಕಟ್ಟಳೆ ಹೀಗಿದೆ. ಕಲ್ಲಿನ ಬುಡ ಯಾರ ಕಡೆಯಿಂದ ಕೆಟ್ಟಿತೋ ಆ ಮನೆಯ ಹೆಣ್ಣುಮಗಳು ಒದ್ದೆ ಬಟ್ಟೆಯಲ್ಲಿ ನೀರು ಹೊತ್ತು ತಂದು ಕಲ್ಲು ತೊಳೆದು, ಮೊಸರನ್ನ ಇಟ್ಟು ತಂಪು ಮಾಡಬೇಕು. ಆ ಹೊತ್ತಿನ ಹಾಲು ಡೈರಿಗೆ ಹೋಗುವಂತಿಲ್ಲ, ಕಲ್ಲಿಗೇ ಎರೆಯಬೇಕು. ನಾದಿನಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. 'ತಪ್ಪು ನಮ್ಮನೇದು ಕಣಣ್ಣ. ನಾನ್ ಮಾಡ್ತೀನಿ' ಎಂದಳು. ನನ್ನ ಕಡೆ ನೋಡಲಿಲ್ಲ. ಬೆಳಗಿನಿಂದ ಹುಲ್ಲು ಹೊತ್ತು ಕರೆದ ಹಾಲು, ಕ್ಯಾನಿಗೆ ಕ್ಯಾನೇ ಕಲ್ಲಿನ ಮೇಲೆ ಹರಿದು ಮಣ್ಣು ಸೇರಿತು. ಮಹಾರಾಷ್ಟ್ರದ ಆ ಇಬ್ಬರೂ ಯಾರೂ ಹೇಳದಿದ್ದರೂ ಬೋರ್‌ವೆಲ್ಲಿನಿಂದ ಕೊಡ ತುಂಬಿ ಅವಳ ಹಿಂದೆ ನಡೆದರು.

ನಾನೂ ಒಂದು ಕೊಡಕ್ಕೆ ಕೈ ಹಾಕಿದೆ. ಅಜ್ಜಿಯೊಬ್ಬರು ತಡೆದರು. 'ನೀ ಬ್ಯಾಡ ಕಣವ್ವ. ಮೊದ್ಲು ನಿನ್ ಕಾಲ್ ನೋಡ್ಕೊ.'

ನೋಡಿಕೊಂಡೆ. ಕಾಲಲ್ಲಿ ಚಪ್ಪಲಿ. ಅಷ್ಟು ಹೊತ್ತು ಚಪ್ಪಲಿ ಮೆಟ್ಟಿಕೊಂಡೇ ಕರುಗಲ್ಲಿನ ಪಕ್ಕ ನಿಂತು ಊರಿಗೆಲ್ಲ ಪಾಠ ಹೇಳಿದ್ದೆ. ರಸ್ತೆಯ ಅಂಚಿನಲ್ಲಿ ಎರಡು ಜೊತೆ ಬೂಟು ಬಿಟ್ಟಿದ್ದವು. ಕಲ್ಲಿನ ಮೇಲಿನ ಅರಿಶಿನ ಕುಂಕುಮ ಕಂಡು, ಏನೂ ತಿಳಿಯದ ಅವರು ಮೊದಲೇ ಬಿಚ್ಚಿಟ್ಟು ಬಂದಿದ್ದರು. ಅವತ್ತು ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಾನು ಸ್ಕೂಟರಿನ ಹತ್ತಿರ ಹೋಗಿ ನಿಂತೆ.

ಅಂಕಿಯನ್ನು ಆ ರಾತ್ರಿಯೇ ಸರಿಮಾಡಿದೆ. ಅದು ಸುಲಭ. ನಾಲ್ಕು ದಿನ ಬಿಟ್ಟು, ಹಸುಗಳಿಗೆಂದು ಒಂದು ಚೀಲ ಹಿಂಡಿ ಹಾಕಿಕೊಂಡು ನಾದಿನಿಯ ಮನೆಗೆ ಹೋದೆ. ಅಭ್ಯಾಸಬಲದಿಂದ ಹಿತ್ತಲಿನಿಂದಲೇ ನುಗ್ಗಿದೆ. ಅವಳು ಒಲೆಯ ಮುಂದಿನಿಂದ ಎದ್ದು ನಿಂತಳು. ಹಿಂದೆ ಯಾವತ್ತೂ ನನ್ನನ್ನು ಕಂಡು ಅವಳು ಎದ್ದಿರಲಿಲ್ಲ.

'ತಪ್ಪಾಯ್ತು ಕಣವ್ವ' ಎಂದೆ.

'ನಂಗ್ಯಾಕ್ ಹೇಳ್ತೀರಿ ಅತ್ಗೆಮ್ಮ' ಎಂದಳು. 'ಅಲ್ ಹೇಳ್ಬೇಕಿತ್ತು.'

ಡಬ್ಬಿ ತೆಗೆದುಬಿಡುತ್ತೇನೆ ಎಂದೆ. 'ಅದ್ಯಾಕೆ, ಅದ್ ಪಾಡಿಗೆ ಅದಿರ್ಲಿ. ಅದೇನ್ ಮಾಡ್ತು?' ಎಂದು, ನಡುಮನೆಯ ಕುರ್ಚಿ ಒರೆಸಿ ನನ್ನನ್ನು ಕೂರಿಸಿದಳು. ನೆಂಟರಿಗೆ ಎತ್ತಿಟ್ಟ ಲೋಟದಲ್ಲಿ ಕಾಫಿ ಕೊಟ್ಟಳು. ಹೊರಡುವಾಗ ಕುಂಕುಮ ಕೊಟ್ಟು, ಸಿಟ್ಟಿಲ್ಲದ ದನಿಯಲ್ಲಿ ಹೇಳಿದಳು: 'ಇನ್ಮ್ಯಾಕೆ ಬರೋವಾಗ ಒಂದ್ ಫೋನ್ ಮಾಡ್ಬುಟ್ಟು ಬನ್ನಿ.'

ಈಗ ಹಾಗೇ ಮಾಡುತ್ತೇನೆ. ಹಾಸನದಿಂದಲೇ ಫೋನು ಮಾಡಿ, ಬರಲಾ ಎಂದು ಕೇಳುತ್ತೇನೆ. ಬನ್ನಿ ಅನ್ನುತ್ತಾಳೆ. ಮುಂಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗಿನಿಂದ ಕರೆಯುವವರೆಗೆ ನಿಂತಿರುತ್ತೇನೆ.